ಗಿಟುಕಿಗೆ ವಿಮಾನದಲ್ಲಿ ಜಾಗವಿಲ್ಲ

ಮೊಬೈಲು ಟ್ರೇಯೊಳಗಿತ್ತು. ಟ್ರೇ ಎಕ್ಸ್‌ರೇ ಯಂತ್ರದಿಂದಾಚೆ ಬಂದು ಕೈಗೆ ಸಿಗುವಷ್ಟರಲ್ಲಿ ಐದು ಮಿಸ್ಡ್ ಕಾಲ್, ಎಲ್ಲವೂ ಒಂದೇ ನಂಬರಿನಿಂದ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಯಾರು ಫೋನ್ ಮಾಡುತ್ತಾರೆ? ಊರಲ್ಲಿ ಏನಾದರೂ ಆಯಿತೇನೋ ಎಂದು ಎದೆ ಧಸಕ್ಕೆಂದಿತು. ತಿರುಗಿ ಮಾಡಿದೆ. ಅತ್ತ ಕಡೆ ವಿಮಾನ ಕಂಪನಿಯ ಹುಡುಗಿ. ನಿಮ್ಮ ಚೆಕ್‌ಇನ್ ಬ್ಯಾಗಿನಲ್ಲಿ ನಿಷೇಧಿತ ವಸ್ತು ಇದೆ, ಕೂಡಲೇ ಬಂದು ತೆಗೆಯಬೇಕು ಎಂದಳು, ಇಂಗ್ಲಿಷಿನಲ್ಲಿ.

ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಅಮ್ಮ. ಎಂಬತ್ತೆರಡು ವರ್ಷ, ಮೊದಲ ವಿಮಾನ ಪ್ರಯಾಣ. ದೆಹಲಿಯಲ್ಲಿ ತಮ್ಮನ ಮಗಳ ಮದುವೆ. ಹಿಂದಿನ ರಾತ್ರಿ ಊಟ ಮುಗಿಸಿ ತಿಪಟೂರಿನಿಂದ ಕಾರಿನಲ್ಲಿ ಹೊರಟು ದೇವನಹಳ್ಳಿ ತಲುಪಿದ್ದೆವು. ಎರಡನೇ ಟರ್ಮಿನಲ್ಲಿನ ಚಾವಣಿ ನೋಡಿ ಅಮ್ಮ, "ಬಿದಿರಿನ ತಡಿಕೆ ಕಟ್ಟಿದಾರಲ್ಲೇ!" ಎಂದು ಖುಷಿಪಟ್ಟು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

"ಏನಂತೆ?"

"ಬ್ಯಾಗಲ್ಲಿ ಏನೋ ಇದೆಯಂತಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗಿಟುಕು ಇಟ್ಟಿದೀನಿ ಕಣೇ. ಹನ್ನೆರಡು. ಸೀರೆ ಮಧ್ಯೆ."

ನಮ್ಮ ಕಡೆಯವರಿಗೆ ಗಿಟುಕು ಅಂದರೇನು ಎಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಚೆನ್ನಾಗಿ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಸದ್ದು. ಆಗ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ತೆಗೆದರೆ ಅದೇ ಗಿಟುಕು, ಉಂಡೆ ಕೊಬ್ಬರಿ. ಮದುವೆ ಹೆಣ್ಣಿಗೆ ಮಡಿಲು ತುಂಬಲು ಅದು ಬೇಕೇ ಬೇಕು. ಮೊಮ್ಮಗಳಿಗೆಂದು ಅಮ್ಮ ಒಂದೊಂದನ್ನೂ ಅಲ್ಲಾಡಿಸಿ ಆರಿಸಿದ್ದಳು.

ಅಮ್ಮನನ್ನು ಗಾಲಿಕುರ್ಚಿಯ ಹುಡುಗನ ಸುಪರ್ದಿಗೆ ಬಿಟ್ಟು, ಕಂಪನಿಯ ಹುಡುಗಿಯ ಹಿಂದೆ ಲಿಫ್ಟಿನಲ್ಲಿ ಕೆಳಗಿಳಿದೆ. ನಾವು ಕೌಂಟರಿನಲ್ಲಿ ಕೊಟ್ಟ ಬ್ಯಾಗು ಬೆಲ್ಟಿನ ಮೇಲೆ ಕಣ್ಮರೆಯಾದ ಕೂಡಲೇ ವಿಮಾನದ ಹೊಟ್ಟೆ ಸೇರುವುದಿಲ್ಲ. ಗೋಡೆಯ ಹಿಂದೆ ಯಂತ್ರಗಳು ಅದನ್ನು ಪರೀಕ್ಷಿಸುತ್ತವೆ, ಅನುಮಾನ ಬಂದದ್ದನ್ನು ಬೇರೆ ಮಾಡುತ್ತವೆ, ಆಮೇಲೆ ಅದನ್ನು ಮನುಷ್ಯರು ನೋಡುತ್ತಾರೆ. ಅಂಥದೊಂದು ಕೋಣೆಯಲ್ಲಿ ನಮ್ಮ ಬ್ಯಾಗು ಮೇಜಿನ ಮೇಲಿತ್ತು. ಪಕ್ಕದ ಪರದೆಯಲ್ಲಿ ಅದರ ಚಿತ್ರ. ಈ ಯಂತ್ರಗಳು ಲೋಹವನ್ನು ನೀಲಿಯಾಗಿ ತೋರಿಸುತ್ತವೆ. ಬಟ್ಟೆ, ಆಹಾರ, ಕಾಗದದಂಥ ಜೈವಿಕ ವಸ್ತುಗಳನ್ನು ಕಿತ್ತಳೆ ಬಣ್ಣದಲ್ಲಿ. ಸೀರೆಗಳ ತೆಳು ಕಿತ್ತಳೆಯ ನಡುವೆ ದಟ್ಟ ಕಿತ್ತಳೆಯ ಹನ್ನೆರಡು ಗುಂಡು. ಹೀಗೊಂದು ದಿನ ನಮ್ಮ ಮನೆಯ ಕೊಬ್ಬರಿಯನ್ನು ನೋಡುತ್ತೇನೆಂದು ನಾನು ಎಣಿಸಿರಲಿಲ್ಲ.

"ಕೊಬ್ಬರಿ ಬಿಡಲ್ಲ ಮೇಡಂ, ರೂಲ್ಸು" ಎಂದರು ಅಲ್ಲಿದ್ದ ಸಿಬ್ಬಂದಿ. ನನಗೆ ಸಿಟ್ಟು ಬಂತು. ಕತ್ತಿಯಲ್ಲ, ಕತ್ತರಿಯಲ್ಲ, ದೇವರ ಮುಂದೆ ಇಡುವ ವಸ್ತು. ಯಾಕೆ ಬಿಡಲ್ಲ ಎಂದು ಕೇಳಿದೆ. ಅವರು ಬ್ಯಾಗಿನಿಂದ ತಲೆ ಎತ್ತದೆ ಎರಡೇ ಮಾತು ಹೇಳಿದರು: "ಬೆಂಕಿ ಹತ್ತುತ್ತೆ."

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು, ಕೊಬ್ಬರಿ ಗೋದಾಮಿನಲ್ಲಿ ಆಡಿ ಬೆಳೆದವಳು. ಆ ಎರಡು ಮಾತು ಕೇಳಿದ್ದೇ ಅಪ್ಪ ನೆನಪಾದ. ಮಳೆಗಾಲದಲ್ಲಿ ಅಪ್ಪ ದಿನಾ ಗೋದಾಮಿಗೆ ಹೋಗಿ ಚೀಲಗಳ ನಡುವೆ ಮೊಳಕೈವರೆಗೂ ಕೈ ತೂರಿಸಿ ನೋಡುತ್ತಿದ್ದ. "ಕಾವು ಬಂದಿದೆ" ಅಂದರೆ ಮುಗಿಯಿತು, ಚೀಲ ಪೂರ್ತಿ ಅಂಗಳಕ್ಕೆ ಸುರಿದು ಹರಡಬೇಕು. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಎಣ್ಣೆ. ಚೂರು ಪಸೆ ಉಳಿದರೂ ಬೂಷ್ಟು ಹಿಡಿಯುತ್ತದೆ, ಅದರಿಂದ ಶಾಖ ಹುಟ್ಟುತ್ತದೆ, ಶಾಖಕ್ಕೆ ಎಣ್ಣೆ ಗಾಳಿಯೊಂದಿಗೆ ಕೂಡಿ ಇನ್ನಷ್ಟು ಬಿಸಿಯಾಗುತ್ತದೆ. ಗಾಳಿಯಾಡದ ಕಡೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಹೊರಗಿನ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳಬಹುದು. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೆ ಒಂದು ಸಂಖ್ಯೆಯೇ ಇದೆ: 1363. ತಾನಾಗಿ ಉರಿಯಬಲ್ಲ ವಸ್ತುಗಳ ವರ್ಗದಲ್ಲಿ ಅದರ ಜಾಗ. ನಮ್ಮ ದೇಶದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2022ರ ಮಾರ್ಚಿನಲ್ಲಿ ಒಣ ಕೊಬ್ಬರಿಯನ್ನು ಚೆಕ್‌ಇನ್ ಬ್ಯಾಗಿನ ನಿಷೇಧಿತ ಪಟ್ಟಿಗೆ ಸೇರಿಸಿತು. ಅಂಗಳದಲ್ಲಾದರೆ ಹರಡಬಹುದು. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ, ಸರಕಿನ ಕೋಣೆಯಲ್ಲಿ, ಯಾರು ಕೈ ತೂರಿಸಿ ನೋಡಬೇಕು?

ಪವರ್ ಬ್ಯಾಂಕನ್ನು ಕೆಳಗಿನ ಬ್ಯಾಗಿನಲ್ಲಿ ಹಾಕಬಾರದು, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು ಎನ್ನುವುದೂ ಇದೇ ಕಾರಣಕ್ಕೆ. ಹೊಗೆ ಬಂದರೆ ಕಣ್ಣಿಗೆ ಬೀಳಬೇಕು, ಕೈಗೆ ಸಿಗಬೇಕು. ಶಬರಿಮಲೆಯ ಯಾತ್ರೆಯ ದಿನಗಳಲ್ಲಿ ಇರುಮುಡಿಯ ತೆಂಗಿನಕಾಯಿಯನ್ನು ತಪಾಸಣೆ ಮಾಡಿ ಕ್ಯಾಬಿನ್ನಿನೊಳಗೆ ಒಯ್ಯಲು ಬಿಟ್ಟದ್ದೂ ಉಂಟು. ಅದು ಆ ಕಾಲಕ್ಕಷ್ಟೇ ಕೊಟ್ಟ ವಿನಾಯಿತಿ.

ನಿಯಮದ ಮೇಲೆ ನನಗೀಗ ಸಿಟ್ಟಿಲ್ಲ. ಅದನ್ನು ತಿಳಿಸುವ ರೀತಿಯ ಮೇಲಿದೆ. ನಮ್ಮ ಟಿಕೆಟ್ಟಿನ ಕೊನೆಯ ಪುಟದಲ್ಲಿ ಪಟ್ಟಿ ಇತ್ತು, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ. ನಾನೇ ಅದನ್ನು ಓದಿರಲಿಲ್ಲ. ಅಮ್ಮ ಹೇಗೆ ಓದಿಯಾಳು? ತೆಂಗು ಬೆಳೆಯುವ ನಾಡಿನವರು ಹತ್ತುವ ವಿಮಾನಕ್ಕೆ "ಕೊಬ್ಬರಿ ತರಬೇಡಿ, ಒಳಗೇ ಕಾವು ಏರಿ ಬೆಂಕಿ ಹತ್ತಬಹುದು" ಎಂದು ಕನ್ನಡದ ಒಂದು ಸಾಲು ಬರೆದು ಮೊದಲೇ ಮೊಬೈಲಿಗೆ ಕಳಿಸಲು ಎಷ್ಟು ಖರ್ಚು? ನಮ್ಮನ್ನು ಬಿಡಲು ಬಂದಿದ್ದ ಅಣ್ಣನ ಮಗ ಆ ಹೊತ್ತಿಗೆ ನೆಲಮಂಗಲ ದಾಟಿದ್ದ. ಹನ್ನೆರಡು ಗಿಟುಕನ್ನೂ ಮೂಲೆಯ ಪ್ಲಾಸ್ಟಿಕ್ ಡಬ್ಬಕ್ಕೆ ನಾನೇ ಒಂದೊಂದಾಗಿ ಇಟ್ಟೆ. ಎಸೆಯಲು ಕೈ ಬರಲಿಲ್ಲ.

ಮೇಲೆ ಬಂದಾಗ ಅಮ್ಮ ಗಾಲಿಕುರ್ಚಿಯ ಹುಡುಗನ ಜೊತೆ ಮಾತಿಗಿಳಿದಿದ್ದಳು. ದೇವನಹಳ್ಳಿ ಕಡೆಯವನೇ. ಅವನ ತಾತ ಇದೇ ಬಯಲಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದನಂತೆ, ಹಿತ್ತಲಲ್ಲಿ ಎರಡು ಚಕ್ಕೋತ ಗಿಡ ಇದ್ದವಂತೆ. ಈ ನಿಲ್ದಾಣದಿಂದ ವಿಮಾನ ಹಾರತೊಡಗಿದ್ದು 2008ರ ಮೇ ತಿಂಗಳಲ್ಲಿ. ಆಗ ತಾನಿನ್ನೂ ಅಂಗನವಾಡಿ ಎಂದ. "ಜಮೀನು ಹೋಯ್ತು ಅಂತ ಬೇಜಾರಿಲ್ವೇನಪ್ಪ?" ಎಂದು ಅಮ್ಮ ಕೇಳಿದಳು. ಅವನು ಕುರ್ಚಿಯ ಬ್ರೇಕು ಸರಿಮಾಡುತ್ತಾ, "ತಾತಂಗೆ ಇತ್ತು ಅಜ್ಜಿ" ಎಂದಷ್ಟೇ ಹೇಳಿದ.

ಗೇಟಿನ ಹತ್ತಿರ ಇನ್ನೊಂದು ಹೊಸತು ಕಾದಿತ್ತು: ಮೌನ. ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರಿನಂಥ ದೊಡ್ಡ ನಿಲ್ದಾಣಗಳಲ್ಲಿ ಈಗ ಇಂಥ ವಿಮಾನಕ್ಕೆ ಬನ್ನಿ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುವುದಿಲ್ಲ. ಗದ್ದಲ ಕಡಿಮೆಯಾಗಲೆಂದು ಮಾಡಿದ ಏರ್ಪಾಡು, ನಿಜಕ್ಕೂ ಹಿತವಾಗಿದೆ. ಆದರೆ ಬಸ್ ನಿಲ್ದಾಣದಲ್ಲಿ ಕಂಡಕ್ಟರನ ಕೂಗಿಗೆ ಕಿವಿ ಒಡ್ಡಿ ಕೂತು ರೂಢಿಯಾದವರು ಇಲ್ಲೂ ಹಾಗೇ ಕೂತಿರುತ್ತಾರೆ. ನಮ್ಮ ಪಕ್ಕದಲ್ಲಿ ವಾರಾಣಸಿಗೆ ಹೊರಟ ಗಂಡ ಹೆಂಡತಿ ಇದ್ದರು, ಇಬ್ಬರಿಗೂ ಎಪ್ಪತ್ತು ದಾಟಿರಬೇಕು. ಅವರ ಗೇಟು ಬದಲಾಗಿ ಇಪ್ಪತ್ತು ನಿಮಿಷವಾಗಿತ್ತು, ಬೋರ್ಡಿನಲ್ಲಿ ಬಂದಿತ್ತು, ಅವರಿಗೆ ಗೊತ್ತಿರಲಿಲ್ಲ. ವಿಮಾನ ಹೊರಡುವ ಹೊತ್ತಿಗೆ ಹೋದರೆ ಆಗುವುದಿಲ್ಲ, ಗೇಟು ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತದೆ. ಅವರನ್ನು ಕರೆದುಕೊಂಡು ಹೋಗಿ ಸರಿಯಾದ ಸಾಲಿನಲ್ಲಿ ನಿಲ್ಲಿಸಿ ಬಂದೆ. ಮೊದಲ ಸಲ ಹೋಗುವವರು ಅರ್ಧ ಗಂಟೆಗೊಮ್ಮೆ ಎದ್ದು ಬೋರ್ಡು ನೋಡಲೇಬೇಕು. ಓದಲು ಬಾರದಿದ್ದರೆ ಪಕ್ಕದವರನ್ನು ಕೇಳಲು ನಾಚಬಾರದು.

ನಮ್ಮ 6.10ರ ವಿಮಾನ 8 ಗಂಟೆಗೆ ಮುಂದಕ್ಕೆ ಹೋಯಿತು, ಆಮೇಲೆ 9.30ಕ್ಕೆ, ಆಮೇಲೆ 10.40ಕ್ಕೆ. ಕಾರಣ ಮಂಜು. ಕಿಟಕಿಯಾಚೆ ಎಳೆ ಬಿಸಿಲು ಹೊಳೆಯುತ್ತಿತ್ತು. "ಎಲ್ಲಿದೆ ಮಂಜು?" ಎಂದು ಜನ ಕೌಂಟರಿನಲ್ಲಿ ಜಗಳಕ್ಕೆ ನಿಂತರು. ಮಂಜಿದ್ದದ್ದು ದೆಹಲಿಯಲ್ಲಿ. ಜನವರಿಯ ಉದ್ದ ರಾತ್ರಿಯಲ್ಲಿ ಉತ್ತರದ ಬಯಲಿನ ನೆಲ ಬೇಗ ತಣ್ಣಗಾಗುತ್ತದೆ. ನೀರುಂಡ ಗೋಧಿ ಹೊಲಗಳ ಪಸೆ, ಊರಿನ ಹೊಗೆಯ ಕಣ, ಬೀಸದ ಗಾಳಿ, ಎಲ್ಲ ಸೇರಿ ನೆಲಕ್ಕಂಟಿ ಮಂಜು ಕಟ್ಟುತ್ತದೆ. 50 ಮೀಟರ್ ಮಾತ್ರ ಕಾಣುತ್ತಿದ್ದರೂ ಇಳಿಸಬಲ್ಲ ಉಪಕರಣ ದೆಹಲಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಆದರೆ ವಿಮಾನಕ್ಕೂ ಆ ಸಾಮರ್ಥ್ಯ ಇರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ಎಲ್ಲ ಇದ್ದರೂ ವಿಮಾನದಿಂದ ವಿಮಾನಕ್ಕೆ ಹೆಚ್ಚು ಅಂತರ ಬಿಟ್ಟು ಇಳಿಸಬೇಕಾಗುತ್ತದೆ, ಗಂಟೆಗೆ ಇಳಿಯುವವು ಕಡಿಮೆಯಾಗುತ್ತವೆ. ಅಲ್ಲಿ ಆಕಾಶದಲ್ಲಿ ಸುತ್ತುವ ಬದಲು ಇಲ್ಲಿ ನೆಲದ ಮೇಲೆ ಕಾಯುವುದೇ ಮೇಲು. ಇದನ್ನು ಕನ್ನಡದಲ್ಲಿ ಹೇಳಿದಾಗ ಸುತ್ತ ನಿಂತಿದ್ದ ನಾಲ್ಕೈದು ಜನ ತಣ್ಣಗಾದರು.

ಇನ್ನೊಂದು ವಿಷಯವನ್ನು ಹೊರಡುವ ಮುಂಚೆಯೇ ತಮ್ಮ ಹೇಳಿಕೊಟ್ಟಿದ್ದ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಎರಡೂವರೆ ಗಂಟೆಯೊಳಗಿನ ಹಾರಾಟವಾದರೆ 2 ಗಂಟೆ, ಎರಡೂವರೆಯಿಂದ ಐದು ಗಂಟೆಯದಾದರೆ 3 ಗಂಟೆ ತಡವಾದಾಗ ಕಾಯುವವರಿಗೆ ತಿಂಡಿ, ಊಟ ಕೊಡಬೇಕು. ತಡ 6 ಗಂಟೆ ಮೀರುವಂತಿದ್ದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ. ಹವಾಮಾನದ ಕಾರಣಕ್ಕೆ ಪರಿಹಾರಧನ ಸಿಗುವುದಿಲ್ಲ, ಊಟ ಸಿಗುತ್ತದೆ. ಕೌಂಟರಿಗೆ ಹೋಗಿ, "ಮೂರು ಗಂಟೆ ದಾಟಿತಲ್ಲ, ಇಲ್ಲಿ ವಯಸ್ಸಾದವರಿದ್ದಾರೆ, ತಿಂಡಿ ಎಲ್ಲಿ?" ಎಂದು ನಿಧಾನವಾಗಿ ಕೇಳಿದೆ. ಕಾಲು ಗಂಟೆಯಲ್ಲಿ ಪೊಟ್ಟಣ ಬಂದವು, ಎಲ್ಲರಿಗೂ. ಅದುವರೆಗೆ ಜೋರಾಗಿ ಕೂಗಾಡಿದವರಲ್ಲಿ ಒಬ್ಬರೂ ತಿಂಡಿ ಕೇಳಿರಲಿಲ್ಲ. ಕೇಳಬಹುದು ಎಂದೇ ಅವರಿಗೆ ಗೊತ್ತಿರಲಿಲ್ಲ.

ವಿಮಾನ ಏರುವಾಗ ಅಮ್ಮ ನನ್ನ ಕೈ ಹಿಡಿದಳು, ಮೋಡ ದಾಟಿದ ಮೇಲೆ ಬಿಟ್ಟಳು. ಮನೆಯಿಂದ ತಂದ ಒಗ್ಗರಣೆ ಅವಲಕ್ಕಿ ತಿಂದು, "ಉಪ್ಪೇ ಹಾಕಿಲ್ವಲ್ಲೇ" ಎಂದಳು. ಉಪ್ಪು ಸರಿಯಾಗಿತ್ತು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟೇ, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತಂತೆ. ಗಾಳಿಯೂ ಬಲು ಒಣ. ಮೂಗು ಒಣಗಿ, ನಾಲಗೆಗೆ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ. ಇಳಿಯುವಾಗ ಕಿವಿ ನೋಯಿತು, ಬಾಯಿಗೆ ಏಲಕ್ಕಿ ಕೊಟ್ಟು ಎಂಜಲು ನುಂಗುತ್ತಿರು ಎಂದೆ. ನುಂಗಿದಾಗ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸಮವಾಗುತ್ತದೆ.

ಮಡಿಲು ತುಂಬುವ ಹಿಂದಿನ ದಿನ ತಮ್ಮ ಹಳೆದೆಹಲಿಯ ಖಾರಿ ಬಾವೋಲಿಗೆ ಹೋಗಿ ಕೊಬ್ಬರಿ ತಂದ. ಅಲ್ಲಿ ಅದಕ್ಕೆ ಗೋಲಾ ಅನ್ನುತ್ತಾರೆ. ಅಮ್ಮ ಒಂದನ್ನು ಕೈಗೆತ್ತಿಕೊಂಡು ಉಗುರಿನಿಂದ ಕೆರೆದು, ಮೂಸಿ, ಬೆರಳಿನಿಂದ ತಟ್ಟಿದಳು. "ಇದು ನಮ್ಮ ಕಡೇದೇ ಕಣೋ!" ಇರಬಹುದು. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಹೆಚ್ಚಾಗಿ ಹೋಗುವುದೇ ಉತ್ತರ ಭಾರತಕ್ಕೆ. ನಾವು ಹೊತ್ತು ತರಲಾಗದ್ದು ಲಾರಿಯಲ್ಲಿ ನಮಗಿಂತ ಮೊದಲೇ ಬಂದು ಕೂತಿತ್ತು.

ಊರಿಗೆ ಮರಳಿ ಒಂದು ತಿಂಗಳಾಗಿರಬಹುದು. ಎದುರು ಮನೆಯ ಶಿಕ್ಷಕಿ ಪುಣೆಯಲ್ಲಿರುವ ಮಗಳ ಬಾಣಂತನಕ್ಕೆ ವಿಮಾನದಲ್ಲಿ ಹೋಗುವವಳಿದ್ದಳು. ಅಂಟಿನುಂಡೆಗೆಂದು ಕೊಬ್ಬರಿ ಕಟ್ಟುತ್ತಿದ್ದಾಳೆಂದು ತಿಳಿದು ಅಮ್ಮ ಕೋಲೂರಿಕೊಂಡು ಅಲ್ಲಿಗೇ ಹೋದಳು. ನಾನು ಜಗಲಿಯಲ್ಲಿ ಕೂತಿದ್ದೆ, ಮಾತು ಕೇಳುತ್ತಿತ್ತು.

"ತೆಗೆದಿಡು ತಾಯಿ, ಅವನ್ನ ಹಾಕಬೇಡ. ನಮ್ಮನೆಯವರು ಮಳೆಗಾಲದಲ್ಲಿ ಚೀಲದೊಳಗೆ ಕೈ ಹಾಕಿ ನೋಡೋರಲ್ಲ, ಅದೇ ಕಾವು. ಅಲ್ಲಿ ಮೇಲೆ ಕೈ ಹಾಕಿ ನೋಡೋರು ಯಾರೂ ಇರಲ್ಲ."