ಕಣ್ಣಿನ ಹಳೇ ಚಿತ್ರ ಎಸೀಬೇಡಿ

ತಾಳವಾಡಿ ಸೀಮೆಯ ನಮಗೆ ಕಣ್ಣು ಕೆಟ್ಟರೆ ದಾರಿ ಎರಡು. ಘಟ್ಟ ಇಳಿದು ಸತ್ಯಮಂಗಲದ ಮೇಲೆ ಕೊಯಮತ್ತೂರು, ಇಲ್ಲವೇ ಚಾಮರಾಜನಗರದ ಮೇಲೆ ಮೈಸೂರು. ಯಾವ ಬಸ್ಸು ಮೊದಲು ಬಂತೋ ಅತ್ತ ಹೋಗುವುದು ರೂಢಿ. ಪೊರೆ ತೆಗೆಸುವುದಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಹಾಗಲ್ಲ. ಅದು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ.

ಕೆಲವರಿಗೆ ಕ್ಷಯದಿಂದ, ಕೆಲವರಿಗೆ ದೇಹದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಇದು ಬರುತ್ತದೆ. ಎಷ್ಟೋ ಮಂದಿಯಲ್ಲಿ ಕಾರಣವೇ ಸಿಗುವುದಿಲ್ಲ. ಗದ್ದೆಗಿಳಿಯುವವರು ಒಂದು ಸಂಗತಿ ತಿಳಿದಿರಬೇಕು. 1993ರ ಪ್ರವಾಹದ ನಂತರ, 1994ರಲ್ಲಿ, ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಗೆ ಇಂಥ ರೋಗಿಗಳು ಒಮ್ಮೆಲೇ ಬರತೊಡಗಿದರು. ಡಾ. ಎಸ್.ಆರ್. ರತಿನಂ ಮತ್ತು ಸಂಗಡಿಗರು 73 ಮಂದಿಯ ವಿವರ ದಾಖಲಿಸಿದರು. ಅಲ್ಲಿ ಕಾರಣವಾಗಿ ಕಂಡದ್ದು ಇಲಿ, ದನಗಳ ಮೂತ್ರದಿಂದ ನೀರು ಸೇರುವ ಲೆಪ್ಟೊಸ್ಪೈರಾ ಎಂಬ ರೋಗಾಣು.

ನಮ್ಮ ದೊಡ್ಡಪ್ಪನ ಮಗ ಅರಿಸಿನ ಬೆಳೆಗಾರ. ಕೊಯಮತ್ತೂರಿನಲ್ಲಿ ತೋರಿಸಿಕೊಂಡು ಬಂದವನು ಎರಡು ತಿಂಗಳಿಗೇ ಔಷಧಿ ನಿಲ್ಲಿಸಿದ. ಕೇಳಿದರೆ, "ಕೆಂಪು ಹೊಂಟೋಯ್ತಲ್ಲ ತಮ್ಮಾ, ಇನ್ಯಾಕೆ ಔಸ್ತಿ ಅಂತ ಬುಟ್ಬುಟ್ಟೆ" ಅಂದ. ಆಮೇಲೆ ಅರಿಸಿನದ ಸಾಲುಗಳು ಡೊಂಕಾಗಿ ಕಾಣತೊಡಗಿದವು. ಕೆಂಪು ಹೋದರೂ ಅಕ್ಷಿಪಟದ ನಡುವೆ ನೀರು ತುಂಬಿ ಊದಿಕೊಂಡಿತ್ತು. ಈ ಕಾಯಿಲೆಯಲ್ಲಿ ದೃಷ್ಟಿ ಹೋಗುವುದಕ್ಕೆ ಆ ಊತವೇ ಒಂದು ದೊಡ್ಡ ಕಾರಣ.

ಅದನ್ನು ಅಳೆಯುವುದು ಓಸಿಟಿ ಯಂತ್ರ. 1991ರಲ್ಲಿ ಅಮೆರಿಕದ ಸಂಶೋಧಕರು ಮೊದಲು ಪ್ರಕಟಿಸಿದ ವಿಧಾನ ಇದು. ಸೂಜಿಯಿಲ್ಲ, ನೋವಿಲ್ಲ. ಗದ್ದ ಊರಿ ಕೂತರೆ ಬೆಳಕಿನಿಂದಲೇ ಅಕ್ಷಿಪಟವನ್ನು ಅಡ್ಡ ಕೊಯ್ದಂತೆ ಪದರ ಪದರವಾಗಿ ತೋರಿಸುತ್ತದೆ. ದಪ್ಪ ಎಷ್ಟೆಂದು ಮೈಕ್ರಾನಿನಲ್ಲಿ ಹೇಳುತ್ತದೆ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರು. ಸರಿಯಿರುವ ಕಣ್ಣಲ್ಲಿ ನಡುಭಾಗ ಸುಮಾರು ಕಾಲು ಮಿಲಿಮೀಟರು. ರಕ್ತನಾಳ ಎಲ್ಲಿ ಸೋರುತ್ತಿದೆ ಎಂದು ನೋಡಲು ಮಾತ್ರ ತೋಳಿಗೆ ಫ್ಲೋರೆಸೀನ್ ಬಣ್ಣ ಚುಚ್ಚಿ ಫೋಟೋ ತೆಗೆಯುತ್ತಾರೆ. ಆಮೇಲೆ ಮೂತ್ರ ಗಾಢ ಹಳದಿಯಾದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಈ ಸಲ ಅಣ್ಣ ಮೈಸೂರಿಗೆ ಹೋದ, ಬರಿಗೈಲಿ. ಡಾಕ್ಟರು ಕೇಳಿದ್ದು ಒಂದೇ: "ಹಿಂದಿನ ಚಿತ್ರ ಎಲ್ಲಿ? ಊತ ಏರ್ತಿದೆಯೋ ಇಳೀತಿದೆಯೋ ಹೇಗೆ ಹೇಳೋದು?" ಅಣ್ಣನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಸ್ಟೀರಾಯ್ಡ್ ಹೆಚ್ಚಿಸಿದರೆ ಸಕ್ಕರೆ ಏರುತ್ತದೆ, ತಗ್ಗಿಸಿದರೆ ಕಣ್ಣಿಗೆ ಅಪಾಯ. ಹಳೇ ಚಿತ್ರಗಳು ಮನೆಯ ಅಟ್ಟದ ಮೇಲೆ, ಹರಾಜಿನ ಚೀಟಿಗಳ ಜೊತೆ ಇದ್ದವು. ನಾನೇ ಬಸ್ಸಿನಲ್ಲಿ ಕೊಂಡೊಯ್ದೆ. ಹೋಲಿಸಿ ನೋಡಿದರೆ ಊತ ಹೊಸದಾಗಿ ಏರಿತ್ತು. ಔಷಧಿ ಮತ್ತೆ ಶುರುವಾಯಿತು, ಸಕ್ಕರೆಗೂ ಬೇರೆ ಲೆಕ್ಕ ಹಾಕಿದರು.

ನಮ್ಮವರು ಪಹಣಿಯನ್ನು ಟ್ರಂಕಿನಲ್ಲಿಡುತ್ತಾರೆ, ಕಣ್ಣಿನ ಚಿತ್ರದಲ್ಲಿ ತಿಂಡಿ ಕಟ್ಟುತ್ತಾರೆ! ಪ್ರತಿ ಸಲವೂ ಬಣ್ಣದ ಪ್ರಿಂಟು ಕೇಳಿ ಪಡೆಯಿರಿ. ಯಂತ್ರದ ಹೆಸರೂ ಅದರಲ್ಲಿರಲಿ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಕಣ್ಣಿಗೆ ಬೇರೆ ಬೇರೆ ಅಳತೆ ಕೊಡುತ್ತವೆ. ಆದಷ್ಟೂ ಒಂದೇ ಕಡೆ ತೆಗೆಸಿದರೆ ಒಳ್ಳೆಯದು.

ಅಣ್ಣನಿಗೆ ಸಾಲುಗಳು ಈಗ ನೆಟ್ಟಗೆ ಕಾಣುತ್ತಿವೆ. ಮಾತ್ರೆ ಇನ್ನೂ ನಿಂತಿಲ್ಲ, ಮುಂದಿನ ಓಸಿಟಿ ನೋಡಿ ಹೇಳುತ್ತಾರಂತೆ.