ಕಂಚ ಗಚ್ಚಿಬೌಲಿ: ಕಡತದಲ್ಲಿಲ್ಲದ ಕಾಡಿಗೆ ವಿದ್ಯಾರ್ಥಿಗಳ ಕಾವಲು

ಹೈದರಾಬಾದ್: 2025ರ ಮಾರ್ಚ್ 30, ಯುಗಾದಿ ಹಬ್ಬದ ದಿನ. ಮರುದಿನ ರಂಜಾನ್. ಸಾಲು ರಜೆಯ ಈ ಹೊತ್ತಿನಲ್ಲೇ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಅಂಚಿನ ಕಂಚ ಗಚ್ಚಿಬೌಲಿಗೆ ಪೊಲೀಸ್ ಕಾವಲಿನಲ್ಲಿ ಜೆಸಿಬಿಗಳು ಬಂದವು. ಅಲ್ಲಿನ 400 ಎಕರೆಯನ್ನು ಸಮತಟ್ಟುಗೊಳಿಸಿ ಐಟಿ ಉದ್ಯಮಕ್ಕೆ ಒದಗಿಸುವುದು ತೆಲಂಗಾಣ ಸರ್ಕಾರದ ಉದ್ದೇಶವಾಗಿತ್ತು. ಅಡ್ಡ ನಿಂತ ವಿದ್ಯಾರ್ಥಿಗಳನ್ನು ಪೊಲೀಸರು ವಶಕ್ಕೆ ಪಡೆದರು; ಇಬ್ಬರು ನ್ಯಾಯಾಂಗ ಬಂಧನಕ್ಕೊಳಗಾದರು.

ನಾಲ್ಕೇ ದಿನಗಳಲ್ಲಿ, ಏಪ್ರಿಲ್ 3ರಂದು, ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಕಾಮಗಾರಿಗೆ ತಡೆ ನೀಡಿತು. ಅಷ್ಟರಲ್ಲಿ ಸುಮಾರು 100 ಎಕರೆಯ ಹಸಿರು ನೆಲಸಮವಾಗಿತ್ತು. ಸರ್ಕಾರ ತನ್ನದೆಂದು ಗೆದ್ದುಕೊಂಡಿದ್ದ ಭೂಮಿಯಲ್ಲೇ ಕೆಲಸ ನಿಂತದ್ದು ಹೇಗೆ?

ಒಡೆತನದ ಕಥೆ

ಆರು ಅಂಶಗಳ ಸೂತ್ರದ ಫಲವಾಗಿ 1974ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯಕ್ಕೆ ಸುಮಾರು 2,300 ಎಕರೆ ಭೂಮಿಯನ್ನು ಗೊತ್ತುಪಡಿಸಲಾಗಿತ್ತು. ಆದರೆ ಭೂಮಿಯ ಹಕ್ಕು ವಿಧಿವತ್ತಾಗಿ ವಿಶ್ವವಿದ್ಯಾಲಯದ ಹೆಸರಿಗೆ ವರ್ಗಾವಣೆಯಾಗಲಿಲ್ಲ. ಇದರಲ್ಲಿನ 400 ಎಕರೆಯನ್ನು ಅವಿಭಜಿತ ಆಂಧ್ರಪ್ರದೇಶ ಸರ್ಕಾರ ಕ್ರೀಡಾ ಯೋಜನೆಯೊಂದಕ್ಕಾಗಿ ಖಾಸಗಿ ಸಂಸ್ಥೆಗೆ ಕೊಟ್ಟಿತು. 2006ರಲ್ಲಿ ಮಂಜೂರಾತಿ ರದ್ದಾಯಿತು. ಸಂಸ್ಥೆ ಹೂಡಿದ ದಾವೆ 2024ರವರೆಗೆ ನಡೆದು, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಎರಡರಲ್ಲೂ ಸರ್ಕಾರವೇ ಗೆದ್ದಿತು.

ತೆಲಂಗಾಣದ ಕಂದಾಯ ಭಾಷೆಯಲ್ಲಿ 'ಕಂಚ' ಎಂದರೆ ಮೇವಿನ ಬೀಳುಭೂಮಿ; ನಮ್ಮ ಗೋಮಾಳವನ್ನು ಹೋಲುವಂಥದ್ದು. ಕಡತದಲ್ಲಿ ಇದು ಅರಣ್ಯವಲ್ಲ ಎಂಬುದೇ ಸರ್ಕಾರದ ಮುಖ್ಯ ವಾದವಾಗಿತ್ತು.

ಕಾಡು ಎಂದರೆ ಯಾವುದು?

ಕಾನೂನಿನ ಕಣ್ಣಿನಲ್ಲಿ ಒಡೆತನ ಬೇರೆ, ಕಾಡಿನ ಲಕ್ಷಣ ಬೇರೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದ್ದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲವೂ ಕಾಡೇ ಎಂದು ಹೇಳಿತು. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಈ ವ್ಯಾಖ್ಯೆಯನ್ನು ಕಿರಿದುಗೊಳಿಸಿತೆಂಬ ಆಕ್ಷೇಪ ಬಂದಾಗ, ಹಳೆಯ ಅರ್ಥವನ್ನೇ ಸದ್ಯಕ್ಕೆ ಪಾಲಿಸುವಂತೆ 2024ರ ಫೆಬ್ರುವರಿಯಲ್ಲಿ ಆದೇಶಿಸಿತು. ಇಂಥ ಕಾಡುಗಳನ್ನು ಗುರುತಿಸಲು ತಜ್ಞರ ಸಮಿತಿ ರಚಿಸಬೇಕೆಂದು 2025ರ ಮಾರ್ಚ್ 4ರಂದು ರಾಜ್ಯಗಳಿಗೆ ಗಡುವನ್ನೂ ವಿಧಿಸಿತು. ತೆಲಂಗಾಣ ಮಾರ್ಚ್ 15ರಂದು ಸಮಿತಿ ರಚಿಸಿತು. ಸಮಿತಿಯ ಕೆಲಸ ಮುಗಿಯುವ ಮುನ್ನವೇ ಮರ ಕಡಿಯುವ ತುರ್ತು ಏನಿತ್ತು ಎಂಬುದೇ ನ್ಯಾಯಪೀಠ ಎತ್ತಿದ ಪ್ರಶ್ನೆ.

ವಿದ್ಯಾರ್ಥಿಗಳ ಲೆಕ್ಕ

ವಿದ್ಯಾರ್ಥಿಗಳ ಶ್ರಮ ಫಲ ಕೊಟ್ಟದ್ದು ಇಲ್ಲಿಯೇ. ಆವರಣದ ವನ್ಯಜೀವಿ ಆಸಕ್ತ ವಿದ್ಯಾರ್ಥಿಗಳು ವರ್ಷಗಳಿಂದ ಹಕ್ಕಿಗಳನ್ನು ಗುರುತಿಸಿ, ಚಿತ್ರ ತೆಗೆದು, ಪಟ್ಟಿ ಮಾಡುತ್ತ ಬಂದಿದ್ದರು. ಆ ಪಟ್ಟಿಯಲ್ಲಿ 200ಕ್ಕೂ ಹೆಚ್ಚು ಜಾತಿಯ ಪಕ್ಷಿಗಳಿವೆ. ನವಿಲು, ಚುಕ್ಕೆ ಜಿಂಕೆ, ನಕ್ಷತ್ರ ಆಮೆಗಳ ಜೊತೆಗೆ, ಈ ಆವರಣದಿಂದಲೇ ವಿಜ್ಞಾನಕ್ಕೆ ಪರಿಚಯವಾದ 'ಮರಿಸಿಯಾ ಹೈದರಾಬಾದೆನ್ಸಿಸ್' ಎಂಬ ಜೇಡವೂ ಇಲ್ಲಿದೆ. ಬುಲ್ಡೋಜರ್ ಬಂದಾಗ ಅವರ ಕೈಯಲ್ಲಿ ಘೋಷಣೆಯ ಫಲಕಗಳಷ್ಟೇ ಅಲ್ಲ, ಲೆಕ್ಕದ ಪುಸ್ತಕವೂ ಇತ್ತು.

ಇದರ ಮಹತ್ವ ತಿಳಿದದ್ದು ಮರುವಾರ. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ, ಓಡುವ ಜಿಂಕೆಗಳ ಸುಳ್ಳು ಚಿತ್ರಗಳು ಜಾಲತಾಣಗಳಲ್ಲಿ ಹರಡಿ, ಸರ್ಕಾರ ಅವನ್ನೇ ಮುಂದಿಟ್ಟು ಹೋರಾಟವನ್ನು ಪ್ರಶ್ನಿಸಿತು. ಅಂಥ ಒಂದು ಚಿತ್ರ ನಿಜವಾದ ನೂರು ಚಿತ್ರಗಳ ಮೇಲೂ ಸಂಶಯ ಮೂಡಿಸಬಲ್ಲದು. ಆದರೆ ಸುಪ್ರೀಂ ಕೋರ್ಟ್ ನೆಚ್ಚಿದ್ದು ಜಾಲತಾಣದ ಚಿತ್ರಗಳನ್ನಲ್ಲ. ಹೈಕೋರ್ಟಿನ ರಿಜಿಸ್ಟ್ರಾರ್ ಸ್ಥಳಕ್ಕೆ ತೆರಳಿ ಕಣ್ಣಾರೆ ಕಂಡು ನೀಡಿದ ವರದಿಯನ್ನು. ಅದರಲ್ಲಿ ಉರುಳಿದ ಮರಗಳೂ ಇದ್ದವು, ನವಿಲು ಜಿಂಕೆಗಳೂ ಇದ್ದವು.

ಏಪ್ರಿಲ್ 16ರಂದು ನ್ಯಾಯಾಲಯ 100 ಎಕರೆಯನ್ನು ಮೊದಲಿನಂತೆ ಮಾಡುವ ಯೋಜನೆ ಕೇಳಿತು. ಕಾಡು ಮರಳಿಸದಿದ್ದರೆ ಅಧಿಕಾರಿಗಳು ಜೈಲು ಸೇರಬೇಕಾದೀತೆಂದು ಮೇ 15ರಂದು ಎಚ್ಚರಿಸಿತು. ಆಗಸ್ಟ್‌ನಲ್ಲಿ ಪರಿಸರ ಮತ್ತು ಅಭಿವೃದ್ಧಿಯನ್ನು ಸಮತೋಲನಗೊಳಿಸುವ ಪ್ರಸ್ತಾವ ಸಲ್ಲಿಸಲು ಸರ್ಕಾರಕ್ಕೆ ಕಾಲಾವಕಾಶ ನೀಡಿತು.

ಕರ್ನಾಟಕಕ್ಕೂ ಪಾಠ

ಇದೇ 1996ರ ಆದೇಶದಿಂದಲೇ ನಮ್ಮಲ್ಲಿ 'ಡೀಮ್ಡ್ ಅರಣ್ಯ'ದ ಪಟ್ಟಿ ಸಿದ್ಧವಾದದ್ದು. 9.94 ಲಕ್ಷ ಹೆಕ್ಟೇರ್ ಇದ್ದ ಆ ಪಟ್ಟಿಯನ್ನು ರಾಜ್ಯ ಸರ್ಕಾರ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಸಾಗುವಳಿದಾರರಿಗೆ, ಶಾಲೆ, ಆಸ್ಪತ್ರೆಗಳಿಗೆ ಇದರಿಂದ ನೆಮ್ಮದಿ ಸಿಕ್ಕಿತೆಂಬುದು ಒಂದು ಮಾತು. ಪಟ್ಟಿಯಿಂದ ಹೊರಬಿದ್ದ ಜಾಗದಲ್ಲಿ ನಿಜಕ್ಕೂ ಕಾಡಿದ್ದರೆ ಅದಕ್ಕೆ ಸಾಕ್ಷಿ ಯಾರು ಎಂಬುದು ಇನ್ನೊಂದು.

ವಿಶ್ವವಿದ್ಯಾಲಯಗಳ ಆವರಣಗಳು ನಗರಗಳ ಕೊನೆಯ ಹಸಿರು ತಾಣಗಳಾಗುತ್ತಿವೆ. ಒಂದೆರಡು ವರ್ಷ ಅಲ್ಲಿದ್ದು ಹೋಗುವ ವಿದ್ಯಾರ್ಥಿ ಬಿಟ್ಟುಹೋಗಬಹುದಾದ ಉಪಯುಕ್ತ ಆಸ್ತಿ, ತಾನು ಕಂಡ ಹಕ್ಕಿ, ಗಿಡ, ಕೆರೆಗಳ ದಿನಾಂಕಸಹಿತ ದಾಖಲೆ. ಕಂಚ ಗಚ್ಚಿಬೌಲಿಯಲ್ಲಿ ಅಂಥ ದಾಖಲೆ ಬರೆದಿಟ್ಟವರ ಪೈಕಿ ಹಲವರು ಜೆಸಿಬಿ ಬರುವ ಹೊತ್ತಿಗೆ ಪದವಿ ಪಡೆದು ಹೊರಟುಹೋಗಿದ್ದರು. ಅವರ ಪಟ್ಟಿ ಮಾತ್ರ ಅಲ್ಲಿಯೇ ಉಳಿದಿತ್ತು.