52 ಸೆಕೆಂಡಿನ ಸೇವೆ

ನಾಸಿಕದಲ್ಲಿ ನೆಲೆಸಿದ ನಮ್ಮ ಬಂಧುಗಳಿಗೆ ತೋಪಿನ ಸದ್ದು ಹೊಸದಲ್ಲ. ದೇವಳಾಲಿಯಲ್ಲಿ ತೋಪುಖಾನೆಯ ಶಾಲೆಯಿದೆ. ನಾಸಿಕ್ ರೋಡಿನಲ್ಲಿ ಅದರ ತರಬೇತಿ ಕೇಂದ್ರವಿದೆ. ಕಾಲಾಳು ಪಡೆಗೆ ಧ್ವಜವಿದ್ದಂತೆ ಗೋಲಂದಾಜರಿಗೆ ತೋಪೇ ಧ್ವಜ. ಅದಕ್ಕೆ ಸಲ್ಲುವ ಮರ್ಯಾದೆಯೂ ಧ್ವಜದ್ದೇ.

ಅಲ್ಲಿ ಪಳಗಿ, ಮುಂದೆ ದೆಹಲಿಯಲ್ಲಿ ಕುಶಾಲತೋಪು ಹಾರಿಸುವ ದಳದಲ್ಲಿದ್ದ ಮೈಸೂರು ಕಡೆಯ ಹಿರಿಯರೊಬ್ಬರು ಈಗ ಛತ್ರಪತಿ ಸಂಭಾಜಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. (2023ರಲ್ಲಿ ಊರಿನ ಹೆಸರು ಬದಲಾದರೂ ಅವರ ಬಾಯಲ್ಲಿ ಅದಿನ್ನೂ ಔರಂಗಾಬಾದೇ.) ಹೆಸರು ಅಚ್ಚು ಹಾಕಬೇಡಿರೆಂದು ಕೇಳಿಕೊಂಡರು, ಒಪ್ಪಿದೆವು. ನಾವು ಅವರ ಎಡಕ್ಕೇ ಕುಳಿತು ಮಾತನಾಡಬೇಕಾಯಿತು. ಬಲಗಿವಿಯನ್ನು ತೋಪು ತೆಗೆದುಕೊಂಡಿದೆ.

ದಸರೆಯ ಕುಶಾಲತೋಪನ್ನು ಕೇಳಿ ಬೆಳೆದ ವಾಚಕರಿಗೂ ಅದರ ಲೆಕ್ಕ ತಿಳಿದಿರಲಾರದು. ತೋಪುಗಳು 21 ಅಲ್ಲ, ಏಳು. ಒಂದೊಂದಕ್ಕೆ ಮೂರು ಸರದಿ. ಒಳಗೆ ಗುಂಡಿಲ್ಲ, ಬರಿಯ ಮದ್ದು. ರಾಷ್ಟ್ರಗೀತೆಯ ಮೊದಲ ಸ್ವರಕ್ಕೆ ಮೊದಲನೆಯದು ಹಾರಿ, 52 ಸೆಕೆಂಡಿಗೆ ಗೀತೆ ಮುಗಿಯುವಾಗ ಕೊನೆಯದು ಹಾರಬೇಕು. ಸುಮಾರು ಎರಡೂವರೆ ಸೆಕೆಂಡಿಗೊಂದು ಸದ್ದು!

“ಆ 52 ಸೆಕೆಂಡಿಗಾಗಿ ಚಳಿಯಲ್ಲಿ ವಾರಗಟ್ಟಲೆ ತಾಲೀಮು ಮಾಡ್ತಿದ್ದೆವು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತೋ ಹಾಗಿಲ್ಲ. ಒಂದು ಸದ್ದು ತಡವಾದರೆ ಇಡೀ ದೇಶಕ್ಕೆ ಕೇಳ್ಸುತ್ತೆ, ಸ್ವಾಮಿ” ಎಂದರು.

ಊರಿಗೆ ರಜೆಯಲ್ಲಿ ಬಂದಾಗ ನೆಂಟರು “ನಿನ್ನದು ಓಲಗದವರ ಕೆಲಸ ಕಣಯ್ಯ, ಮದುವೆಗೆ ಸದ್ದು ಮಾಡೋದು” ಎಂದು ನಗುತ್ತಿದ್ದರಂತೆ. ನಕ್ಕವರಿಗೆ ಒಂದು ಸಂಗತಿ ತಿಳಿದಿರಲಿಲ್ಲ. ನಾಸಿಕ್ ರೋಡಿನ ಬ್ಯಾರಕ್ಕಿನಲ್ಲಿ ಪಕ್ಕದ ಮಂಚದಲ್ಲಿದ್ದ ಬೆಳಗಾವಿ ಕಡೆಯ ಗೆಳೆಯ 1971ರ ಡಿಸೆಂಬರಿನಲ್ಲಿ ಛಂಬ್ ರಣರಂಗದಿಂದ ಹಿಂದಿರುಗಲಿಲ್ಲ. ಇಬ್ಬರೂ ಒಂದೇ ದಿನ ಪ್ರಮಾಣ ಮಾಡಿದವರು. ಒಬ್ಬನಿಗೆ ಗಡಿ, ಒಬ್ಬನಿಗೆ ದೆಹಲಿ. ಮರುತಿಂಗಳು, 1972ರ ಜನವರಿ 26ರಂದು, ಇಂದಿರಾ ಗಾಂಧಿಯವರು ಇಂಡಿಯಾ ಗೇಟಿನಡಿ ಅಮರ ಜವಾನ್ ಜ್ಯೋತಿಯನ್ನು ಉದ್ಘಾಟಿಸಿದರು. ಅದೇ ದಿನ ಇವರು ತೋಪಿನ ಬಳಿ ನಿಂತಿದ್ದರು.

“ನಮ್ಮ ತೋಪಿಗೆ ಮೂರು ಸರದಿ. ಮೂರನೆಯದು ಅವನದು ಅಂದ್ಕೊಂಡೆ. ಯಾರಿಗೂ ಹೇಳಿರಲಿಲ್ಲ.”

ಮಗಳು ಒಳಗಿನಿಂದ ಬಂದು ಕಾಫಿಯಿಟ್ಟು, ಇದನ್ನು ತಾವೂ ಈಗಲೇ ಕೇಳುತ್ತಿರುವುದೆಂದರು. ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಗಡಿಗೆ ಕಳಿಸಿರೆಂದು ಎರಡು ಸಲ ಅರ್ಜಿ ಬರೆದುಕೊಂಡರಂತೆ. ಕೆಲಸದಲ್ಲಿ ಅಚ್ಚುಕಟ್ಟಾಗಿದ್ದುದೇ ಅಡ್ಡಬಂದಿತು!

2023ರ ಗಣರಾಜ್ಯೋತ್ಸವದಲ್ಲಿ ಬ್ರಿಟಿಷರ ಕಾಲದ 25 ಪೌಂಡರ್ ತೋಪುಗಳಿಗೆ ಬದಲಾಗಿ ನಮ್ಮ ದೇಶದಲ್ಲೇ ತಯಾರಾದ 105 ಮಿಲಿಮೀಟರ್ ತೋಪುಗಳು ಸಲಾಮು ಕೊಟ್ಟವು. ಹಿರಿಯರು ಅದನ್ನು ಟಿ.ವಿ.ಯಲ್ಲಿ ಕಂಡರು. ಎಡಗಿವಿಯನ್ನು ಪೆಟ್ಟಿಗೆಯತ್ತ ತಿರುಗಿಸಿ, ಬೆರಳು ಮಡಚುತ್ತ ಎಣಿಸಿದರಂತೆ. ಮೊಮ್ಮಗ “ಸರಿಯಾಗಿತ್ತಾ, ತಾತ?” ಎಂದು ಕೇಳಿದನಂತೆ.

“ಸರಿಯಾಗಿತ್ತು ಮಗಾ. ಇಪ್ಪತ್ತೊಂದೂ ಬಂತು.”